ಸಾಕುಪ್ರಾಣಿ ಇದ್ದವರಿಗೆ ಬಾಡಿಗೆ ಫ್ಲ್ಯಾಟ್: ಓದುಗರು ಕೇಳಿದ್ದು, ನಾವು ಹೇಳಿದ್ದು

ಎಪ್ರಿಲ್ ಮತ್ತು ಮೇ ಎಂದರೆ ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಮನೆ ಬದಲಾಯಿಸುವ ಕಾಲ. ಶಾಲೆ ಕಾಲೇಜು ಶುರುವಾಗುವ ಮೊದಲು, ಮಳೆ ಹಿಡಿಯುವ ಮೊದಲು ಸಾಮಾನು ಸಾಗಿಸಿಬಿಡಬೇಕು ಎಂಬ ಗಡಿಬಿಡಿ ಎಲ್ಲರಿಗೂ ಇರುತ್ತದೆ. ಬೆಕ್ಕು, ನಾಯಿ, ಹಕ್ಕಿ ಇಟ್ಟುಕೊಂಡವರಿಗೆ ಅದರ ಮೇಲೆ ಇನ್ನೊಂದು ಚಿಂತೆ. ಈ ತಿಂಗಳು ಆ ಬಗ್ಗೆ ಬಂದ ಪತ್ರಗಳನ್ನಷ್ಟೇ ಆರಿಸಿದ್ದೇವೆ. ಪ್ರಾಣಿಗಳ ವಿಚಾರಕ್ಕೆ ಪಶುವೈದ್ಯರು, ಕರಾರಿನ ವಿಚಾರಕ್ಕೆ ವಕೀಲರು ಉತ್ತರಿಸಿದ್ದಾರೆ.

ಪ್ರಶ್ನೆ: ಶಿವಮೊಗ್ಗದಿಂದ ಮಂಗಳೂರಿಗೆ ವರ್ಗವಾಗಿದೆ. ಮೂರು ವರ್ಷದ ಹೆಣ್ಣು ಬೆಕ್ಕು ಇದೆ, ಸಂತಾನಹರಣದ ಆಪರೇಶನ್ ಆಗಿದೆ. ಬಿಜೈ, ಕದ್ರಿ, ಉರ್ವ ಕಡೆ ಎರಡು ಬೆಡ್‌ರೂಮಿನ ಮನೆ ನೋಡುತ್ತಿದ್ದೇವೆ. "ಬೆಕ್ಕಿನ ಸುದ್ದಿಯೇ ಎತ್ತಬೇಡಿ, ಮನೆ ಸೇರಿದ ಮೇಲೆ ಯಾರು ಕೇಳ್ತಾರೆ" ಎನ್ನುತ್ತಾರೆ ಬ್ರೋಕರ್. ಹಾಗೆ ಮಾಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಬೇಡ. ಬ್ರೋಕರಿಗೆ ಕಮಿಷನ್ ಬರುವುದು ನಿಮ್ಮ ಕೈಗೆ ಕೀಲಿಕೈ ಬಂದ ದಿನ. ತಕರಾರು ಏಳುವುದು ಆಮೇಲೆ, ಅಷ್ಟರಲ್ಲಿ ಅವರು ಫೋನ್ ಎತ್ತುವುದಿಲ್ಲ. ಫ್ಲ್ಯಾಟಿನಲ್ಲಿ ಬೆಕ್ಕನ್ನು ಬಚ್ಚಿಡಲು ಆಗುವುದೂ ಇಲ್ಲ. ಕಿಟಕಿಯಲ್ಲಿ ಕೂತದ್ದನ್ನು ವಾಚ್‌ಮನ್ ನೋಡುತ್ತಾನೆ, ಬೆಕ್ಕಿನ ಮಲಮೂತ್ರಕ್ಕೆ ಇಡುವ ಲಿಟರ್ ಮಣ್ಣಿನ ಚೀಲವನ್ನು ಕಸದವರು ನೋಡುತ್ತಾರೆ, ನಲ್ಲಿ ರಿಪೇರಿಗೆ ಬಂದವನು ಹೋಗಿ ಮಾಲೀಕರಿಗೇ ಹೇಳುತ್ತಾನೆ.

ಕಾನೂನಿನ ಮಾತು ಹೀಗೆ: ಬಾಡಿಗೆ ಕರಾರಿನಲ್ಲಿ "ಸಾಕುಪ್ರಾಣಿ ಇಡುವಂತಿಲ್ಲ" ಎಂಬ ಷರತ್ತು ಇದ್ದು ನೀವು ಸಹಿ ಮಾಡಿದ್ದರೆ ಅದಕ್ಕೆ ನೀವು ಬದ್ಧರು. ಅಪಾರ್ಟ್‌ಮೆಂಟ್ ಅಸೋಸಿಯೇಶನ್ ಪ್ರಾಣಿ ಬೇಡ ಅನ್ನುವುದು ಒಂದು, ಮನೆಯ ಮಾಲೀಕ ಬೇಡ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡು "ಹಾಗೆಲ್ಲ ನಿಷೇಧಿಸುವಂತಿಲ್ಲ, ರೂಲ್ ಇದೆ" ಎಂದು ವಾದಕ್ಕಿಳಿಯುವವರು ಬಹಳ. ಆ ರೂಲ್ ಅಸೋಸಿಯೇಶನ್‌ಗೆ ಹೇಳಿದ್ದು. ತನ್ನ ಮನೆಯನ್ನು ಯಾವ ಷರತ್ತಿನ ಮೇಲೆ ಬಾಡಿಗೆಗೆ ಕೊಡಬೇಕೆಂಬುದು ಮಾಲೀಕರ ಇಷ್ಟ.

ಆದ್ದರಿಂದ ಮನೆ ನೋಡಲು ಹೋಗುವ ಮೊದಲೇ, ಫೋನಿನಲ್ಲೇ ಹೇಳಿ. "ಬೆಕ್ಕು ಇದೆ, ಆಗಬಹುದಾ" ಎಂದು ಕೇಳಿದರೆ "ಬೇಡ" ಎಂಬ ಉತ್ತರ ಸುಲಭ. "ಆಪರೇಶನ್ ಆದ, ಮನೆಯೊಳಗೇ ಇರುವ ಒಂದೇ ಒಂದು ಬೆಕ್ಕು ಇದೆ, ಲಸಿಕೆ ಕಾರ್ಡ್ ಇದೆ, ಈಗಿರುವ ಮನೆಯ ಮಾಲೀಕರ ನಂಬರ್ ಕೊಡುತ್ತೇನೆ, ಮಾತಾಡಿ ನೋಡಿ" ಎಂದರೆ ಮಾತು ಮುಂದುವರಿಯುತ್ತದೆ. ಬೆಕ್ಕಿನ ಫೋಟೊ, ರೇಬೀಸ್ ಲಸಿಕೆಯ ದಿನಾಂಕ ಇರುವ ಪುಟ, ಸಂತಾನಹರಣ ಚಿಕಿತ್ಸೆಯ ಚೀಟಿ ಮತ್ತು ಈಗಿನ ಮಾಲೀಕರಿಂದ ಎರಡು ಸಾಲಿನ ಪತ್ರ, ಇಷ್ಟನ್ನು ಒಂದೇ ಪಿಡಿಎಫ್ ಮಾಡಿ ವಾಟ್ಸ್ಆ್ಯಪಿನಲ್ಲಿ ಕಳಿಸಿ. ಆ ಪತ್ರದಲ್ಲಿ "ಮನೆಯಲ್ಲಿ ವಾಸನೆ, ಗೀರು ಏನೂ ಇಲ್ಲ" ಎಂಬ ಒಂದು ಸಾಲಿದ್ದರೆ ಸಾಕು. ಹತ್ತು ಮನೆಯಲ್ಲಿ ಏಳು ಕಡೆ ಬೇಡ ಅನ್ನಬಹುದು. ಬೇಡ ಅಂದ ಮನೆಯಿಂದ ಆರು ತಿಂಗಳಲ್ಲಿ ಎದ್ದು ಹೋಗುವುದಕ್ಕಿಂತ ಅದೇ ವಾಸಿ.

ಒಪ್ಪಿದರೆ ಬಾಯಿಮಾತಿಗೆ ಬಿಡಬೇಡಿ. ಮನೆಯ ವ್ಯವಹಾರ ಮಗನಿಗೆ ಹೋದಾಗ, ಮಾಲೀಕರು ಮನೆ ಮಾರಿದಾಗ ಬಾಯಿಮಾತಿಗೆ ಬೆಲೆ ಇರುವುದಿಲ್ಲ. ಕರಾರಿನಲ್ಲಿ ಈ ಮಾದರಿಯ ಒಂದು ಕಲಮು ಇರಲಿ:

"ಬಾಡಿಗೆದಾರರು ಸಂತಾನಹರಣ ಚಿಕಿತ್ಸೆಯಾದ ಒಂದು ಸಾಕುಬೆಕ್ಕನ್ನು ಮನೆಯಲ್ಲಿ ಇಟ್ಟುಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ. ಬೆಕ್ಕಿನಿಂದ ಮನೆಗೆ ಹಾನಿಯಾದಲ್ಲಿ ದುರಸ್ತಿಯ ನಿಜವಾದ ವೆಚ್ಚವನ್ನು ಬಿಲ್ಲಿನ ಆಧಾರದ ಮೇಲೆ ಡೆಪಾಸಿಟ್‌ನಿಂದ ಕಳೆಯಬಹುದು. ಸಹಜ ಸವೆತ ಇದರಲ್ಲಿ ಸೇರುವುದಿಲ್ಲ."

"ನಿಜವಾದ ವೆಚ್ಚ" ಮತ್ತು "ಬಿಲ್ಲಿನ ಆಧಾರ" ಎಂಬ ಮಾತುಗಳನ್ನು ಬಿಟ್ಟುಕೊಡಬೇಡಿ. ಅವು ಇಲ್ಲದಿದ್ದರೆ ಸೋಫಾದ ಒಂದು ಗೀರು ಇಡೀ ಮನೆಯ ಪೇಂಟಿಂಗ್ ಆಗುತ್ತದೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು, ಅದಕ್ಕಾಗಿಯೇ ಎಲ್ಲರೂ 11 ತಿಂಗಳಿಗೆ ಬರೆಯುವುದು. 11 ತಿಂಗಳ ನಂತರ ಹೊಸ ಕರಾರು ಟೈಪ್ ಮಾಡಿಸುವಾಗ ಅಂಗಡಿಯವರು ತಮ್ಮ ಹಳೆಯ ನಮೂನೆಯನ್ನೇ ಹೊಡೆದುಬಿಡುತ್ತಾರೆ, ಬೆಕ್ಕಿನ ಕಲಮು ಹಾರಿಹೋಗುತ್ತದೆ. ಸಹಿ ಹಾಕುವ ಮೊದಲು ಓದಿ.

ಕೀಲಿಕೈ ಪಡೆದ ದಿನವೇ ಪ್ರತಿ ಕೋಣೆಯ ವಿಡಿಯೊ ಮಾಡಿ ಮಾಲೀಕರಿಗೆ ಕಳಿಸಿ. ಬಾಗಿಲಿನ ಕೆಳಭಾಗ, ಕಿಟಕಿಯ ಸೊಳ್ಳೆ ಪರದೆ, ಅಡುಗೆಮನೆ ಕಪಾಟಿನ ಅಂಚು, ಗೋಡೆಯ ಮೂಲೆ, ಇವನ್ನು ಹತ್ತಿರದಿಂದ ತೆಗೆಯಿರಿ. ಹಿಂದಿನವರ ಗೀರಿಗೆ ನಿಮ್ಮ ಬೆಕ್ಕು ಹೊಣೆಯಾಗಬಾರದು.

ಪ್ರಶ್ನೆ: ಕಂಕನಾಡಿಯಲ್ಲಿ ಫ್ಲ್ಯಾಟ್ ಬಾಡಿಗೆಗೆ ತೆಗೆದುಕೊಂಡಿದ್ದೇವೆ. ಸಣ್ಣ ಜಾತಿಯ ನಾಯಿಗೆ ಮಾಲೀಕರ ಒಪ್ಪಿಗೆ ಇದೆ. ಅಸೋಸಿಯೇಶನ್‌ನವರು ಮಾತ್ರ ನಾಯಿಯನ್ನು ಲಿಫ್ಟಿನಲ್ಲಿ ತರಬಾರದು, ತಿಂಗಳಿಗೆ ಹೆಚ್ಚುವರಿ ಮೆಂಟೆನೆನ್ಸ್ ಕೊಡಬೇಕು ಎನ್ನುತ್ತಾರೆ.
— ಓದುಗರು, ಕಂಕನಾಡಿ

ಉತ್ತರ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಅಪಾರ್ಟ್‌ಮೆಂಟ್ ಮತ್ತು ನಿವಾಸಿ ಸಂಘಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿದೆ. ಬಹುಮತದ ನಿರ್ಣಯದಿಂದಲೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ, ಗಾತ್ರ ಅಥವಾ ತಳಿ ನೋಡಿ ತಾರತಮ್ಯ ಮಾಡುವಂತಿಲ್ಲ, ಲಿಫ್ಟ್ ನಿರಾಕರಿಸುವಂತಿಲ್ಲ, ಲಿಫ್ಟಿಗೆಂದು ಪ್ರತ್ಯೇಕ ಹಣ ಕೇಳುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ.

ಆದರೆ ಆ ಕಾಗದವನ್ನು ಹಿಡಿದು ನೀವೇ ಮೀಟಿಂಗಿಗೆ ನುಗ್ಗಬೇಡಿ. ಸಂಘದ ಸದಸ್ಯರು ನಿಮ್ಮ ಮಾಲೀಕರು, ನೀವಲ್ಲ. ಮಾರ್ಗಸೂಚಿಯ ಪ್ರತಿ ಮತ್ತು ನಾಯಿಯ ಲಸಿಕೆ ಕಾರ್ಡಿನ ಪ್ರತಿ ಸೇರಿಸಿ, ಮಾಲೀಕರ ಸಹಿಯೊಂದಿಗೆ ಕಾರ್ಯದರ್ಶಿಗೆ ಪತ್ರ ಕೊಡಿಸಿ, ಸ್ವೀಕೃತಿ ಪಡೆಯಿರಿ. ಹೆಚ್ಚುವರಿ ಹಣವನ್ನು ಯಾವ ನಿರ್ಣಯದಂತೆ ಕೇಳುತ್ತಿದ್ದಾರೆ ಎಂಬುದನ್ನು ಲಿಖಿತವಾಗಿ ಕೊಡಲು ವಿನಂತಿಸಿ. ಬರೆದು ಕೊಡಬೇಕು ಎಂದಾಗ ಅರ್ಧ ಬೇಡಿಕೆಗಳು ಅಲ್ಲಿಗೇ ನಿಲ್ಲುತ್ತವೆ.

ನಿಮ್ಮ ಕಡೆಯ ಕೆಲಸವೂ ಇದೆ. ಕಾಮನ್ ಏರಿಯಾದಲ್ಲಿ ನಾಯಿಗೆ ಯಾವಾಗಲೂ ಹಗ್ಗ ಇರಲಿ, ಹಗ್ಗ ನಾಲ್ಕೈದು ಅಡಿಗಿಂತ ಉದ್ದ ಬೇಡ. ಎಳೆದಷ್ಟೂ ಬಿಚ್ಚಿಕೊಳ್ಳುವ ಹಗ್ಗ ಲಿಫ್ಟಿನ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ, ಅಪಾರ್ಟ್‌ಮೆಂಟಿಗೆ ಅದು ಆಗದು. ಲಿಫ್ಟಿನಲ್ಲಿ ಮಕ್ಕಳೋ ಹೆದರುವವರೋ ಇದ್ದರೆ ಮುಂದಿನ ಸರದಿಗೆ ಕಾಯಿರಿ. ಲಿಫ್ಟಿನ ಮೂಲೆಯಲ್ಲಿ ಉಚ್ಚೆ ಹೊಯ್ದರೆ ಯಾರಾದರೂ ನೋಡುವ ಮೊದಲು ನೀವೇ ಒರೆಸಿ. ಮಾರ್ಗಸೂಚಿ ಎಷ್ಟೇ ಬಲವಾಗಿದ್ದರೂ ಒದ್ದೆ ಲಿಫ್ಟಿನ ಮುಂದೆ ಅದು ನಿಲ್ಲುವುದಿಲ್ಲ.

ಪ್ರಶ್ನೆ: ಏಳನೇ ಮಹಡಿಯ ಮನೆ. ಬಾಲ್ಕನಿಗೆ ಅರ್ಧ ಗೋಡೆ, ಮೇಲೆ ಸ್ಟೀಲ್ ರೇಲಿಂಗ್. ಮಾಲೀಕರು ಗೋಡೆಗೆ ತೂತು ಕೊರೆಯಬೇಡಿ ಎಂದಿದ್ದಾರೆ. ಪಾರಿವಾಳದ ಬಲೆ ಕಟ್ಟಿದರೆ ಬೆಕ್ಕಿಗೆ ಸಾಕೇ?
— ಓದುಗರು, ಲೇಡಿಹಿಲ್

ಉತ್ತರ: ಸಾಲದು. ಪಾರಿವಾಳದ ಬಲೆ ನೈಲಾನಿನದು. ಬೆಕ್ಕು ಅದನ್ನು ಕಚ್ಚಿ ಕಡಿಯುತ್ತದೆ. ಬಿಸಿಲಿಗೆ ಸೊರಗಿದ ದಾರ ಒಂದು ದಿನ ಬೆಕ್ಕಿನ ಭಾರಕ್ಕೇ ಹರಿಯುತ್ತದೆ. ಈಗ ಚಾಲ್ತಿಯಲ್ಲಿರುವ ತಂತಿಯ "ಇನ್‌ವಿಸಿಬಲ್ ಗ್ರಿಲ್" ಮಕ್ಕಳಿಗಾಗಿ ಮಾಡಿದ್ದು. ತಂತಿಗಳ ನಡುವೆ ನಾಲ್ಕಿಂಚು ಬಿಟ್ಟರೆ ದೊಡ್ಡ ಬೆಕ್ಕೂ ನುಸುಳುತ್ತದೆ, ಎರಡಿಂಚು ಬಿಟ್ಟರೂ ಮರಿ ನುಸುಳುತ್ತದೆ. ತಲೆ ತೂರಿದ ಕಡೆ ಮೈಯೂ ತೂರುತ್ತದೆ ಎಂಬುದೇ ಬೆಕ್ಕಿನ ಲೆಕ್ಕ.

ಬೇಕಾದದ್ದು ಒಂದು ಇಂಚು ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಬೆಸುಗೆ ಹಾಕಿದ ತಂತಿಜಾಲ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಜಾಲ ಅಗ್ಗ, ಆದರೆ ಕಡಲಗಾಳಿಗೆ ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಗೋಡೆಯ ಮೇಲೆ ಕಂದು ನೀರು ಇಳಿಸುತ್ತದೆ, ಅದರ ದಂಡವೂ ನಿಮ್ಮದೇ. ಪಿವಿಸಿ ಲೇಪದ ಜಾಲ ಮಧ್ಯಮ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ಎಂಬ ದರ್ಜೆ ಸಾಮಾನ್ಯವಾಗಿ ಸಿಗುತ್ತದೆ. ಉಪ್ಪುಗಾಳಿಯನ್ನು ಚೆನ್ನಾಗಿ ತಾಳುವುದು 316. ಪಣಂಬೂರು, ಸುರತ್ಕಲ್, ಮಲ್ಪೆಯಂಥ ಕಡಲಂಚಿನಲ್ಲಿ ಇರುವವರು 316ನ್ನೇ ಕೇಳಿ.

ತೂತು ಕೊರೆಯದೆ ನಿಲ್ಲಿಸಲು ನೆಲದಿಂದ ಸೀಲಿಂಗಿನವರೆಗೆ ಬಿಗಿಯಾಗಿ ಒತ್ತಿ ಕೂರುವ, ತಿರುಪು ತಿರುಗಿಸಿ ಉದ್ದ ಹೊಂದಿಸುವ ಕಂಬಗಳು ಬೇಕು. ಎರಡು ತುದಿಗೂ ದಪ್ಪ ರಬ್ಬರ್ ಇರಲಿ. ಬಾಲ್ಕನಿ 8 ಅಡಿ ಅಗಲ, ಅರ್ಧ ಗೋಡೆಯ ಮೇಲಿನಿಂದ ಸೀಲಿಂಗಿಗೆ ಆರೂವರೆ ಅಡಿ ಎಂದಿಟ್ಟುಕೊಳ್ಳಿ. ಎರಡು ಬದಿ ಮತ್ತು ನಡುವೆ ಒಂದು, ಹೀಗೆ ಮೂರು ಕಂಬ. 4 ಅಡಿ ಅಗಲದ ಜಾಲದ ಸುರುಳಿಯಲ್ಲಿ 8 ಅಡಿ ಉದ್ದದ ಎರಡು ತುಂಡು, ಒಂದರ ಮೇಲೊಂದು ಅಡ್ಡಡ್ಡ. ಸೇರುವಲ್ಲಿ ಆರಿಂಚು ಒಂದರ ಮೇಲೊಂದು ಬರಲಿ, ಉಳಿದದ್ದನ್ನು ಗೋಡೆಯ ಮೇಲೆ ಒಳಮುಖವಾಗಿ ಮಡಿಸಿ. ಸುತ್ತಲೂ ಆರಿಂಚಿಗೊಂದರಂತೆ ಕೇಬಲ್ ಟೈ ಹಾಕಿದರೆ 58, ನಡುವಿನ ಸೇರಿಕೆಗೆ 16, ಒಟ್ಟು 74 ಬೇಕು. ಬದಿಯದನ್ನು ಕಂಬಕ್ಕೆ, ಕೆಳಗಿನದನ್ನು ರೇಲಿಂಗಿಗೆ, ಮೇಲಿನದನ್ನು ಕಂಬಗಳ ತುದಿಗೆ ಅಡ್ಡ ಕಟ್ಟಿದ ಪೈಪಿಗೆ ಬಿಗಿಯಿರಿ. ನೂರರ ಪ್ಯಾಕೆಟ್ ತೆಗೆದುಕೊಳ್ಳಿ, ಕಪ್ಪು ಬಣ್ಣದ್ದೇ ಆಗಲಿ. ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ತಿಂಗಳಿಗೊಮ್ಮೆ ಕಂಬದ ತಿರುಪು ಬಿಗಿ ಇದೆಯೇ ನೋಡಿ, ಗುಡುಗು ಗಾಳಿಯ ಮಳೆ ಬಂದ ಮರುದಿನ ತಪ್ಪದೆ ನೋಡಿ.

ಬಾಲ್ಕನಿ ಭದ್ರ ಮಾಡಿದವರೂ ಮರೆಯುವ ಜಾಗಗಳು ಮೂರು. ಬಚ್ಚಲಿನ ವೆಂಟಿಲೇಟರಿನ ಗಾಜಿನ ಪಟ್ಟಿಗಳು ಸುಮ್ಮನೆ ಚೌಕಟ್ಟಿನಲ್ಲಿ ಕೂತಿರುತ್ತವೆ, ಬೆಕ್ಕು ತಳ್ಳಿದರೆ ಜಾರುತ್ತವೆ. ಸ್ಲೈಡಿಂಗ್ ಕಿಟಕಿಯ ಫೈಬರ್ ಸೊಳ್ಳೆ ಪರದೆಯನ್ನು ಉಗುರಿನಿಂದ ಸೀಳುತ್ತದೆ, ಅದರ ಬದಲು ಸಾಕುಪ್ರಾಣಿಗೆಂದೇ ಬರುವ ದಪ್ಪ ಪರದೆ ಹಾಕಿಸಿ, ಹಳೆಯದನ್ನು ಎತ್ತಿಟ್ಟು ಮನೆ ಬಿಡುವಾಗ ಮರಳಿ ಕೂರಿಸಿ. ಇನ್ನೊಂದು ಎಸಿ ಹೊರಘಟಕದ ಕಡೆಗೆ ತೆರೆಯುವ ಕಿಟಕಿ.

ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ. ದವಡೆ, ಕಾಲು, ಎದೆ ಮೂರಕ್ಕೂ ಪೆಟ್ಟಾಗುತ್ತದೆ. ಬಿದ್ದ ಬೆಕ್ಕು ನಡೆದಾಡುತ್ತಿದ್ದರೂ ಶ್ವಾಸಕೋಶದ ಸುತ್ತ ಗಾಳಿ ತುಂಬಿರಬಹುದು. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ.

ಪ್ರಶ್ನೆ: ಉಡುಪಿ ರಥಬೀದಿಯ ಹತ್ತಿರ ಮನೆ ಸಿಕ್ಕಿದೆ. ಮಾಲೀಕರು ಕೆಳಗೇ ಇರುತ್ತಾರೆ, ಶುದ್ಧ ಸಸ್ಯಾಹಾರಿಗಳು. ಬೆಕ್ಕಿಗೆ ಒಪ್ಪಿದ್ದಾರೆ, ಮೀನಿಗೆ ಒಪ್ಪಿಲ್ಲ. ಹಾಲು, ಮೊಸರನ್ನದಲ್ಲಿ ಬೆಕ್ಕನ್ನು ಸಾಕಬಹುದೇ?
— ಓದುಗರು, ಉಡುಪಿ

ಉತ್ತರ: ಆಗದು. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ, ಅದು ಮಾಂಸ ಮತ್ತು ಮೀನಿನಿಂದಲೇ ಸಿಗಬೇಕು. ತಿಂಗಳುಗಟ್ಟಲೆ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ನಾಯಿಯನ್ನಾದರೆ ವೈದ್ಯರ ಸಲಹೆಯಂತೆ ಸಮತೋಲನದ ಸಸ್ಯಾಹಾರದಲ್ಲಿ ಸಾಕಬಹುದು, ಬೆಕ್ಕಿನಲ್ಲಿ ಆ ದಾರಿ ಇಲ್ಲ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲೂ ಜೀರ್ಣವಾಗದು, ಭೇದಿಯಾಗುತ್ತದೆ.

ನಿಮಗೆ ಇರುವ ದಾರಿ ಒಣ ಆಹಾರ. ಬೇಯಿಸುವುದಿಲ್ಲ, ಮೀನಿನ ವಾಸನೆ ಮಹಡಿ ಇಳಿಯುವುದಿಲ್ಲ. ಆದರೆ ಅದರಲ್ಲೂ ಕೋಳಿ, ಮೀನು ಇರುತ್ತದೆ, ಇದನ್ನು ಮಾಲೀಕರಿಗೆ ಮೊದಲೇ ಹೇಳಿ. "ಮಾಂಸಾಹಾರ ಬೇಯಿಸುವಂತಿಲ್ಲ" ಎಂಬ ಷರತ್ತಿಗೂ "ಮನೆಯೊಳಗೆ ತರುವಂತಿಲ್ಲ" ಎಂಬ ಷರತ್ತಿಗೂ ವ್ಯತ್ಯಾಸ ಇದೆ. ಎರಡನೆಯದೇ ಅವರ ಷರತ್ತಾದರೆ ಆ ಮನೆ ನಿಮಗಲ್ಲ, ಬೇರೆ ನೋಡಿ. ಒಪ್ಪಿದರೆ ಡಬ್ಬಿ ಗಾಳಿಯಾಡದ್ದಿರಲಿ. ನಮ್ಮ ಮಳೆಗಾಲದ ತೇವಕ್ಕೆ ಬಿಚ್ಚಿಟ್ಟ ಚೀಲದ ಆಹಾರ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಚೀಲ ತರಬೇಡಿ, ಮೂರ್ನಾಲ್ಕು ವಾರಕ್ಕೆ ಸಾಕಾಗುವಷ್ಟೇ ತನ್ನಿ. ಒಣ ಆಹಾರ ತಿನ್ನುವ ಬೆಕ್ಕಿಗೆ ನೀರು ಎರಡು ಮೂರು ಕಡೆ ಇಡಬೇಕು.

ಪ್ರಶ್ನೆ: ಕುಂಜಿಬೆಟ್ಟಿನ ಮನೆ ಖಾಲಿ ಮಾಡಬೇಕು. ಗಂಡುಬೆಕ್ಕು ಮಲಗುವ ಕೋಣೆಯ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತಿತ್ತು. ದಿನಾ ಫಿನೈಲ್ ಹಾಕಿ ಒರೆಸಿದರೂ ವಾಸನೆ ಹೋಗಿಲ್ಲ, ಬೆಕ್ಕು ಮತ್ತೆ ಅಲ್ಲಿಗೇ ಹೋಗುತ್ತದೆ. ಮಾಲೀಕರು ಡೆಪಾಸಿಟ್ ಕೊಡುವುದಿಲ್ಲ ಎನ್ನುತ್ತಿದ್ದಾರೆ.
— ಓದುಗರು, ಕುಂಜಿಬೆಟ್ಟು

ಉತ್ತರ: ಮೊದಲು ಫಿನೈಲ್ ನಿಲ್ಲಿಸಿ. ಕಪ್ಪು ಫಿನೈಲಿನಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಹೊರಹಾಕಲಾರದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಅದು ವಿಷವೇ. ಡೆಟ್ಟಾಲ್‌ಗೂ ಇದೇ ಮಾತು. ಕಪಾಟಿನ ನುಸಿಗುಳಿಗೆಯೂ ಬೆಕ್ಕಿರುವ ಮನೆಗೆ ಬೇಡ. ಬ್ಲೀಚಿಂಗ್ ಪುಡಿಯನ್ನಂತೂ ಉಚ್ಚೆಯ ಮೇಲೆ ಹಾಕಲೇಬೇಡಿ. ಉಚ್ಚೆಯ ಅಮೋನಿಯಾ ಜೊತೆ ಸೇರಿ ಉಸಿರುಕಟ್ಟಿಸುವ ಕ್ಲೋರಮೀನ್ ಅನಿಲ ಏಳುತ್ತದೆ.

ವಾಸನೆ ಹೋಗದಿರಲು ಕಾರಣ ಬೆಕ್ಕಿನ ಉಚ್ಚೆಯಲ್ಲಿರುವ ಯೂರಿಕ್ ಆಮ್ಲ. ಅದು ಹರಳುಗಟ್ಟಿ ಟೈಲ್ಸ್ ಸಂದಿಯಲ್ಲಿ ಕೂರುತ್ತದೆ, ನೀರಿಗೆ ಸುಲಭವಾಗಿ ಕರಗದು. ಬೇಸಿಗೆಯಲ್ಲಿ ಹೋಯಿತು ಎಂದುಕೊಂಡ ವಾಸನೆ ಮೊದಲ ಮಳೆಯ ತೇವಕ್ಕೆ ಮತ್ತೆ ಏಳುವುದು ಇದರಿಂದಲೇ. ಇದನ್ನು ಒಡೆಯಲು ಕಿಣ್ವ ಇರುವ ಕ್ಲೀನರ್ ಬೇಕು. ಸಾಕುಪ್ರಾಣಿ ಅಂಗಡಿಗಳಲ್ಲಿ "ಎನ್‌ಝೈಮ್ ಕ್ಲೀನರ್" ಎಂದು ಕೇಳಿ.

ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಹಿಡಿದರೆ ಹಳೆಯ ಕಲೆಗಳು ಹಳದಿ ಹಸಿರಾಗಿ ಹೊಳೆಯುತ್ತವೆ. ಸೀಮೆಸುಣ್ಣದಿಂದ ಗುರುತು ಹಾಕಿ. ಗೋಡೆಯ ಮೇಲೂ ಒಂದಡಿ ಎತ್ತರದವರೆಗೆ ನೋಡಿ, ಗಂಡುಬೆಕ್ಕು ನಿಂತು ಹಿಂದಕ್ಕೆ ಸಿಂಪಡಿಸುತ್ತದೆ. ಮೊದಲು ಬರೀ ನೀರಿನಿಂದ ಎರಡು ಸಲ ಒರೆಸಿ ಫಿನೈಲಿನ ಅಂಶ ತೆಗೆಯಿರಿ. ಅದು ಉಳಿದರೆ ಕಿಣ್ವ ಕೆಲಸ ಮಾಡದು. ಆಮೇಲೆ ಕಲೆಗಿಂತ ನಾಲ್ಕು ಇಂಚು ಹೊರಗಿನವರೆಗೂ ಕ್ಲೀನರ್ ಸುರಿದು, ಟೈಲ್ಸ್ ಸಂದಿ ತೊಯ್ಯುವಂತೆ ಮಾಡಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬಾಟಲಿಯಲ್ಲಿ 10 ನಿಮಿಷ ಎಂದಿದ್ದರೂ ಹಳೆಯ ಕಲೆಗೆ ರಾತ್ರಿಯಿಡೀ ಬಿಡಿ. ಮರುದಿನ ಹಾಳೆ ತೆಗೆದು ಫ್ಯಾನ್ ಗಾಳಿಗೆ ತಾನಾಗಿ ಒಣಗಲಿ. ಎರಡು ಮೂರು ಸಲ ಹೀಗೆ ಮಾಡಬೇಕಾಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ, ಸಿಂಪಡಿಸಿ ಐದು ನಿಮಿಷಕ್ಕೆ ಒರೆಸಿಬಿಡುತ್ತಾರೆ. ಮಾರ್ಬಲ್ ನೆಲವಾದರೆ ವಿನೆಗರ್, ಲಿಂಬೆ ಮುಟ್ಟಿಸಬೇಡಿ, ಹೊಳಪು ತಿಂದುಹಾಕುತ್ತದೆ.

ಮರದ ಬಾಗಿಲ ಚೌಕಟ್ಟಿನ ಬುಡ ಹೀರಿಕೊಂಡಿದ್ದರೆ ಉಜ್ಜುಕಾಗದದಿಂದ ಉಜ್ಜಿ, ಅರಗಿನ ಪ್ರೈಮರ್ ಹಚ್ಚಿ ಆಮೇಲೆ ಬಣ್ಣ. ಗೋಡೆಗೂ ಅಷ್ಟೇ, ನೀರಿನ ಪ್ರೈಮರಿನ ಮೂಲಕ ವಾಸನೆ ಹೊರಬರುತ್ತದೆ.

ಡೆಪಾಸಿಟ್ ವಿಚಾರ. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಸಹಜ ಸವೆತಕ್ಕೆ ವಿನಾಯಿತಿ ಇದೆ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುತ್ತದೆ. ಮೂಲೆಯ ವಾಸನೆ ಸಹಜ ಸವೆತವಲ್ಲ, ಅದರ ಖರ್ಚು ನಿಮ್ಮದು. ಆದರೆ ಒಂದು ಮೂಲೆಗಾಗಿ ಇಡೀ ಡೆಪಾಸಿಟ್ ಹಿಡಿಯುವುದೂ ಸರಿಯಲ್ಲ. ಕೀಲಿಕೈ ಕೊಡುವ ಎರಡು ವಾರ ಮೊದಲೇ ಸ್ವಚ್ಛ ಮಾಡಿ, ಮಾಲೀಕರನ್ನು ಕರೆದು ಕಿಟಕಿ ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ ತೋರಿಸಿ. ಉಳಿದ ದುರಸ್ತಿಗೆ ಕೊಟೇಶನ್ ತರಿಸಿ ಆ ಮೊತ್ತ ಕಳೆದು ಬಾಕಿ ಕೊಡಲು ಬರಹದಲ್ಲಿ ಕೇಳಿ.

ಬೆಕ್ಕಿನ ವಿಷಯ ಉಳಿಯಿತು. ಆಪರೇಶನ್ ಆಗಿಲ್ಲದಿದ್ದರೆ ಮಾಡಿಸಿ, ಸಿಂಪಡಿಸುವುದು ಬಹುಪಾಲು ನಿಲ್ಲುತ್ತದೆ. ಆಗಿದ್ದೂ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮೂತ್ರದ ತೊಂದರೆ ಇರಬಹುದು. ಗಂಡುಬೆಕ್ಕು ಲಿಟರ್ ಮಣ್ಣಿನ ತಟ್ಟೆಯಲ್ಲಿ ಪದೇ ಪದೇ ಕೂತು ಮುಕ್ಕಿರಿದರೂ ಉಚ್ಚೆ ಬಾರದಿದ್ದರೆ ಮೂತ್ರನಾಳ ಕಟ್ಟಿದೆ ಎಂದು ತಿಳಿದು ಅದೇ ದಿನ ಆಸ್ಪತ್ರೆಗೆ ಒಯ್ಯಿರಿ, ನಾಳೆಗೆ ಬಿಟ್ಟರೆ ಜೀವ ಹೋಗಬಹುದು. ಏನೂ ಕಾಯಿಲೆ ಇಲ್ಲವೆಂದರೆ ತಟ್ಟೆಯ ದೋಷ ನೋಡಿ. ಒಂದು ಬೆಕ್ಕಿಗೆ ಎರಡು ತಟ್ಟೆ ಒಳ್ಳೆಯದು. ಲಿಟರ್ ಮಣ್ಣು ಎರಡರಿಂದ ಮೂರು ಇಂಚು ಆಳ ಇರಬೇಕು, ದಿನಕ್ಕೆರಡು ಸಲ ಗಟ್ಟಿಯಾದದ್ದನ್ನು ತೆಗೆಯಬೇಕು. ಆ ಮಣ್ಣನ್ನು ಕಮೋಡಿಗೆ ಹಾಕಬೇಡಿ. ಅದರಲ್ಲಿರುವ ಬೆಂಟೊನೈಟ್ ಎಂಬ ಜೇಡಿ ನೀರಿನಲ್ಲಿ ಉಬ್ಬಿ ಪೈಪು ಕಟ್ಟುತ್ತದೆ, ಕೆಳಗಿನ ಮನೆಯ ಬಚ್ಚಲಿನಲ್ಲಿ ನೀರು ಏಳುತ್ತದೆ.

ಪ್ರಶ್ನೆ: ಮಣಿಪಾಲದಲ್ಲಿ ನಾಲ್ಕು ಜನ ವಿದ್ಯಾರ್ಥಿಗಳು ಫ್ಲ್ಯಾಟಿನಲ್ಲಿದ್ದೇವೆ. ಮಳೆಯಲ್ಲಿ ಸಿಕ್ಕಿದ ಬೆಕ್ಕಿನ ಮರಿ ತಂದಿದ್ದೇವೆ. ಇಟ್ಟುಕೊಳ್ಳಬಹುದೇ?
— ಓದುಗರು, ಮಣಿಪಾಲ

ಉತ್ತರ: ಮಾಲೀಕರನ್ನು ಕೇಳುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: ಪರೀಕ್ಷೆ ಮುಗಿದು ನಾಲ್ವರೂ ಊರಿಗೆ ಹೊರಟ ದಿನ ಬೆಕ್ಕು ಯಾರ ಜೊತೆ ಬಸ್ ಹತ್ತುತ್ತದೆ? ಮನೆಯೊಳಗೆ ಸಾಕಿದ ಬೆಕ್ಕು ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತದೆ. "ನಾವೆಲ್ಲರೂ" ಎಂಬ ಉತ್ತರ ನಡೆಯದು, ಒಬ್ಬರ ಹೆಸರು ಬೇಕು. ಆ ಹೆಸರು ಇಲ್ಲದಿದ್ದರೆ ಈಗಲೇ, ಮರಿ ಸಣ್ಣದಿರುವಾಗಲೇ ಮನೆ ಹುಡುಕಿ ಕೊಡಿ. ಕೋರ್ಸ್ ಮುಗಿದ ಮೇಲೆ ಕ್ಯಾಂಪಸ್ ಬಳಿ ಬಿಟ್ಟು ಹೋಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧ. ಅಲ್ಲಿಯವರೆಗೆ ಜಂತುಹುಳದ ಔಷಧಿ ಕೊಡಿಸಿ, ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮರಿ ಯಾರಿಗಾದರೂ ಕಚ್ಚಿದ್ದರೆ, ಪರಚಿದ್ದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಹಕ್ಕಿಗೆ ಮಾಲೀಕರ ಅಭ್ಯಂತರ ಇಲ್ಲ. ಸಂಬಂಧಿಕರು ಹಸಿರು ಗಿಳಿ ಕೊಡುತ್ತೇವೆ ಎನ್ನುತ್ತಾರೆ.
— ಓದುಗರು, ಕುಳಾಯಿ

ಉತ್ತರ: ಕತ್ತಿನಲ್ಲಿ ಕೆಂಪು ಉಂಗುರ ಇರುವ ನಮ್ಮ ಊರ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೊಟ್ಟವರು ಯಾರೇ ಆಗಲಿ, ಎಷ್ಟು ವರ್ಷದಿಂದ ಸಾಕಿರಲಿ. ನಕ್ಷತ್ರ ಆಮೆಗೂ ಇದೇ ಕಾನೂನು. ಬಜರಿಗಾರ್, ಕಾಕಟೀಲ್‌ನಂಥ ವಿದೇಶಿ ಸಾಕುಹಕ್ಕಿ ಇಡಬಹುದು. ಪಂಜರ ಅಡುಗೆಮನೆಯಿಂದ ದೂರ ಇರಲಿ, ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಏಳುವ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ.

ಪ್ರಶ್ನೆ: ಮೂರಡಿಯ ಮೀನಿನ ತೊಟ್ಟಿ ಇಡಲು ಮಾಲೀಕರು ಹೆದರುತ್ತಿದ್ದಾರೆ. ನೆಲ ತಾಳುವುದಿಲ್ಲವೇ?
— ಓದುಗರು, ಅತ್ತಾವರ

ಉತ್ತರ: ಹೆದರಿಕೆಗೆ ಅರ್ಥ ಇದೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಎಂದರೆ ಸುಮಾರು 190 ಲೀಟರ್, ನೀರೊಂದೇ 190 ಕೆಜಿ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ 250 ದಾಟುತ್ತದೆ. ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ 200 ಕೆಜಿ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ. ತೊಲೆ ಹಾದುಹೋಗುವ ಗೋಡೆಗೆ ಒತ್ತಿ ಇಟ್ಟರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಹೊರಕ್ಕೆ ಚಾಚಿದ ಬಾಲ್ಕನಿಯಲ್ಲಿ ಖಂಡಿತ ಬೇಡ. ಬಾಡಿಗೆ ಮನೆಗೆ 56 ಲೀಟರಿನ ಎರಡಡಿ ತೊಟ್ಟಿಯೇ ಜಾಣತನ, ಸಾಗಿಸಲೂ ಸುಲಭ. ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿನೀರಿನಲ್ಲಿ ಕ್ಲೋರಿನ್ ಇರುತ್ತದೆ, ಒಂದು ದಿನ ಬಕೆಟಿನಲ್ಲಿಟ್ಟು ಹಾಕಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದಾಗ ಒಮ್ಮೆಗೆ ಕಾಲುಭಾಗಕ್ಕಿಂತ ಹೆಚ್ಚು ಬದಲಾಯಿಸಬೇಡಿ.

ಪ್ರಶ್ನೆ: ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಪೊಮೆರೇನಿಯನ್ ಒಂದೇ ಇರುತ್ತದೆ. ಇಡೀ ದಿನ ಬೊಗಳುತ್ತದೆ ಎಂದು ಪಕ್ಕದ ಮನೆಯವರ ದೂರು.
— ಓದುಗರು, ಕುಲಶೇಖರ

ಉತ್ತರ: ಇಡೀ ದಿನವೋ ಅಲ್ಲವೋ ಮೊದಲು ತಿಳಿಯಿರಿ. ಹಳೆಯ ಫೋನ್ ಒಂದನ್ನು ರೆಕಾರ್ಡಿಂಗಿಗೆ ಇಟ್ಟು ಹೋಗಿ. ನೀವು ಹೊರಟ ಮೊದಲ ಅರ್ಧ ಗಂಟೆಯಲ್ಲೇ ಹೆಚ್ಚು ಬೊಗಳಿ, ಊಳಿಟ್ಟು, ಬಾಗಿಲು ಕೆರೆದರೆ ಅದು ಒಂಟಿತನದ ಗಾಬರಿ. ಲಿಫ್ಟ್ ಸದ್ದು, ಡೆಲಿವರಿಯವರ ಹೆಜ್ಜೆ ಕೇಳಿದಾಗ ಮಾತ್ರವಾದರೆ ಕಾವಲು ಬುದ್ಧಿ. ಎರಡಕ್ಕೂ ಮದ್ದು ಬೇರೆ.

ಕಾವಲು ಬುದ್ಧಿಗೆ ಜಾಗ ಬದಲಿಸಿದರೆ ಅರ್ಧ ಗುಣ. ಮುಖ್ಯ ಬಾಗಿಲಿನಿಂದ ದೂರದ ಒಳಕೋಣೆಯಲ್ಲಿ ಬಿಡಿ, ಬಾಲ್ಕನಿಗೆ ಬಿಡಬೇಡಿ, ಫ್ಯಾನ್ ಅಥವಾ ರೇಡಿಯೊದ ಸದ್ದು ಇರಲಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ.

ಗಾಬರಿಗೆ ವಾರಗಟ್ಟಲೆ ಅಭ್ಯಾಸ ಬೇಕು. ಚಪ್ಪಲಿ ಹಾಕಿ, ಕೀಲಿಕೈ ಎತ್ತಿ, ಹೊರಗೆ ಹೋಗದೆ ಕೂತುಬಿಡಿ. ಆ ಸೂಚನೆಗಳಿಗೆ ಅದು ಸುಮ್ಮನಾಗುವವರೆಗೆ ದಿನಕ್ಕೆ ಹಲವು ಸಲ ಮಾಡಿ. ಆಮೇಲೆ ಬಾಗಿಲಾಚೆ ಹತ್ತು ಸೆಕೆಂಡು, ಒಂದು ನಿಮಿಷ, ಐದು ನಿಮಿಷ. ಬೊಗಳಿದರೆ ಹಿಂದಿನ ಹಂತಕ್ಕೆ ಇಳಿಯಿರಿ. ಅರ್ಧ ಗಂಟೆ ಸುಮ್ಮನಿರಲು ಕಲಿತರೆ ಮುಂದಿನದು ಬೇಗ ಸಾಗುತ್ತದೆ. ಕೆಲಸಕ್ಕೆ ಹೊರಡುವ ಮೊದಲು ಮೂವತ್ತು ನಲವತ್ತು ನಿಮಿಷ ನಡೆಸಿ, ಹೊರಡುವಾಗ ತಿಂಡಿ ತುಂಬಿದ ಟೊಳ್ಳು ರಬ್ಬರ್ ಆಟಿಕೆ ಕೊಡಿ. ಆದರೂ ಒಂಬತ್ತು ತಾಸು ಉದ್ದ. ಮಧ್ಯಾಹ್ನ ಒಮ್ಮೆ ಹೊರಗೆ ಕರೆದೊಯ್ಯಲು ಯಾರನ್ನಾದರೂ ಗೊತ್ತುಮಾಡಿ. ಶಾಕ್ ಕೊಡುವ ಪಟ್ಟಿ ಬೇಡ, ಗಾಬರಿಯನ್ನು ಹೆಚ್ಚಿಸುತ್ತದೆ.

ಪಕ್ಕದವರಿಗೆ ನಿಮ್ಮ ನಂಬರ್ ಕೊಟ್ಟು "ಇಂಥ ಪ್ರಯತ್ನ ಮಾಡುತ್ತಿದ್ದೇವೆ, ಬೊಗಳಿದ ಹೊತ್ತು ಒಂದು ಮೆಸೇಜ್ ಹಾಕಿ" ಎನ್ನಿ. ದೂರು ಕಾರ್ಯದರ್ಶಿಗೆ ಹೋಗುವ ಬದಲು ನಿಮಗೆ ಬರುತ್ತದೆ.

ಮಳೆಗಾಲದ ನಡಿಗೆಗೆ ಎರಡು ಮಾತು. ನಿಂತ ನೀರಿನಲ್ಲಿ ನಡೆಸಬೇಡಿ. ಇಲಿಯ ಮೂತ್ರದಿಂದ ಬರುವ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ. ವರ್ಷದ ಲಸಿಕೆಯಲ್ಲಿ ಲೆಪ್ಟೊ, ಅಂದರೆ ಇಲಿಜ್ವರದ ಲಸಿಕೆ, ಸೇರಿದೆಯೇ ಕೇಳಿ. ಮನೆಗೆ ಬಂದ ಕೂಡಲೇ ಬೆರಳ ಸಂದಿ ಒರೆಸಿ ಒಣಗಿಸಿ, ಇಲ್ಲದಿದ್ದರೆ ಶಿಲೀಂಧ್ರ ಹಿಡಿದು ವಾಸನೆ ಬರುತ್ತದೆ. ಸೆಕೆ ಎಂದು ಪೊಮೆರೇನಿಯನ್‌ನ ಕೂದಲು ಬೋಳಿಸಬೇಡಿ, ಮತ್ತೆ ಸರಿಯಾಗಿ ಬೆಳೆಯದೆ ಹೋಗಬಹುದು. ದಿನಾ ಬಾಚಿದರೆ ಸಾಕು.

ಪ್ರಶ್ನೆ: ನಾವು ಮನೆ ಬಾಡಿಗೆಗೆ ಕೊಡುವವರು. ಬ್ರಹ್ಮಗಿರಿಯಲ್ಲಿ ಮೇಲಿನ ಮಹಡಿ ಖಾಲಿ ಇದೆ. ನಾಯಿ ಇರುವ ಒಳ್ಳೆಯ ಕುಟುಂಬ ಕೇಳುತ್ತಿದೆ. ದೊಡ್ಡ ಡೆಪಾಸಿಟ್ ಕೇಳಿದರೆ ಸಾಕೇ?
— ಓದುಗರು, ಉಡುಪಿ

ಉತ್ತರ: ದುಡ್ಡಿಗಿಂತ ಷರತ್ತು ಮುಖ್ಯ. ಒಪ್ಪುವ ಮೊದಲು ಅವರ ಈಗಿನ ಮನೆಗೆ ಒಮ್ಮೆ ಹೋಗಿ ಬನ್ನಿ. ಬಾಗಿಲು ತೆರೆದಾಗ ಬರುವ ವಾಸನೆ, ನಾಯಿ ನಿಮ್ಮ ಮೇಲೆ ಹಾರುವ ರೀತಿ, ಸೋಫಾದ ಕಾಲು, ಇವು ಯಾವ ಪತ್ರಕ್ಕಿಂತಲೂ ಹೆಚ್ಚು ಹೇಳುತ್ತವೆ.

ಕರಾರಿನಲ್ಲಿ ಪ್ರಾಣಿಯ ಸಂಖ್ಯೆ ಮತ್ತು ಜಾತಿ ಬರೆಯಿರಿ, "ಸಾಕುಪ್ರಾಣಿ" ಎಂದಷ್ಟೇ ಬರೆದರೆ ಒಂದು ಮೂರಾಗಬಹುದು. ಪ್ರತಿ ವರ್ಷ ಲಸಿಕೆ ಕಾರ್ಡ್ ತೋರಿಸುವುದು, ಒಂದು ದಿನ ಮೊದಲು ತಿಳಿಸಿ ನೀವು ಮನೆ ನೋಡಲು ಬರುವುದು, ಬಾವಿಕಟ್ಟೆಯ ಬಳಿ ನಾಯಿಯನ್ನು ಬಿಡದಿರುವುದು ಸೇರಿಸಿ. ಹೆಚ್ಚಿನ ಡೆಪಾಸಿಟ್ ಕೇಳುವುದಾದರೆ ಎಷ್ಟು, ಯಾವುದಕ್ಕೆ, ಎಷ್ಟು ದಿನದಲ್ಲಿ ಮರಳಿಸುತ್ತೀರಿ ಎಂಬುದೂ ಬರಹದಲ್ಲಿರಲಿ.

ಮನೆಮಾಲೀಕರು ಮರೆಯುವ ಒಂದು ಕಲಮು ಉಣ್ಣಿಯದು. ಕಂದು ಉಣ್ಣಿ ಮನೆಯೊಳಗೇ ಸಂತತಿ ಬೆಳೆಸುತ್ತದೆ. ಒಂದು ಹೆಣ್ಣು ಉಣ್ಣಿ ಗೋಡೆಯ ಬಿರುಕು, ಸ್ವಿಚ್‌ಬೋರ್ಡಿನ ಹಿಂದೆ ಸಾವಿರಾರು ಮೊಟ್ಟೆ ಇಡುತ್ತದೆ, ನಾಯಿ ಮನೆ ಬಿಟ್ಟು ಹೋದ ಮೇಲೂ ಅವು ಒಡೆಯುತ್ತವೆ. ಆದ್ದರಿಂದ ನಾಯಿಗೆ ವೈದ್ಯರು ಹೇಳಿದ ಅವಧಿಗೆ ಉಣ್ಣಿಯ ಔಷಧಿ ಕೊಡಬೇಕು, ಮನೆ ಬಿಡುವಾಗ ಬಾಡಿಗೆದಾರರ ಖರ್ಚಿನಲ್ಲಿ ಪೆಸ್ಟ್ ಕಂಟ್ರೋಲ್ ಮಾಡಿಸಬೇಕು ಎಂದು ಬರೆಯಿರಿ. ಮುಂದಿನ ಬಾಡಿಗೆದಾರರು ಬರುವ ಮೊದಲು ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಹೊಡೆಸಿ, ಏಕೆಂದರೆ ಮೊದಲ ಸಲದ ಔಷಧಿ ಮೊಟ್ಟೆಗಳಿಗೆ ತಾಗಿರುವುದಿಲ್ಲ. ಮುಂದೆ ಬರುವವರ ಮನೆಯಲ್ಲಿ ಬೆಕ್ಕು ಇದ್ದರೆ ಪೆಸ್ಟ್ ಕಂಟ್ರೋಲ್‌ನವರಿಗೆ ಮೊದಲೇ ತಿಳಿಸಿ. ಉಣ್ಣಿಗೆ ಬಳಸುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ನೆಲ ಪೂರ್ತಿ ಒಣಗಿ, ಒರೆಸಿ ಆದ ಮೇಲೆಯೇ ಬೆಕ್ಕನ್ನು ಒಳಗೆ ಬಿಡಬೇಕು.